ಓದಿದರೆ ತಿಳಿಯುತ್ತದೆ, ಮಾತಾಡಲು ನಿಂತರೆ ಬಾಯಿ ಕಟ್ಟುತ್ತದೆ

ಪ್ರಶ್ನೆ: ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಕಲಬುರಗಿಯಲ್ಲಿ ಎಂಜಿನಿಯರಿಂಗ್ ಮಾಡುತ್ತಿದ್ದೇನೆ. ಪರೀಕ್ಷೆಯಲ್ಲಿ ಇಂಗ್ಲಿಷ್ ಬರೆಯಬಲ್ಲೆ, ಸೆಮಿನಾರಿಗೆ ನಿಂತರೆ ಬಾಯಿ ಕಟ್ಟುತ್ತದೆ. ಊರಲ್ಲಿ ಒಂದೆರಡು ಇಂಗ್ಲಿಷ್ ಮಾತು ಬಂದರೆ ಗೆಳತಿಯರು ‘ಭಾಳ ಶಾಣ್ಯಾಕಿ ಆಗ್ಯಾಳ’ ಅಂತ ನಗುತ್ತಾರೆ. ಇನ್ನೊಂದು ವ್ಯಾಕರಣ ಪುಸ್ತಕ ಕೊಳ್ಳಲೇ?
— ಓದುಗರು, ಆಳಂದ ತಾಲ್ಲೂಕು

ಉತ್ತರ: ಪುಸ್ತಕ ಬೇಡ. ಬರೆಯುವವರಿಗೆ ವ್ಯಾಕರಣ ಬಂದೇ ಇದೆ. ನಿಂತಾಗ ನಿಮ್ಮ ಮನಸ್ಸು ಪದ ಹುಡುಕುತ್ತಲೇ ಎದುರಿನವರ ಮುಖವನ್ನೂ ಕಾಯುತ್ತಿರುತ್ತದೆ. ಒಮ್ಮೆಗೆ ನೆನಪಿನಲ್ಲಿ ಹಿಡಿದಿಡಬಹುದಾದದ್ದೇ ಸ್ವಲ್ಪ, ಅದರಲ್ಲೂ ಭಯ ಪಾಲು ಕೇಳುತ್ತದೆ. ಭಾಷಾ ಕಲಿಕೆಯ ಸಂಶೋಧಕಿ ಎಲೇನ್ ಹಾರ್ವಿಟ್ಜ್ ಮತ್ತು ಸಂಗಡಿಗರು 1986ರಲ್ಲಿ ಈ ಅಂಜಿಕೆಯನ್ನು ಅಳೆಯಲು 33 ಹೇಳಿಕೆಗಳ ಪ್ರಶ್ನಾವಳಿಯನ್ನೇ ಮಾಡಿದರು. ಜನರೆದುರು ಮಾತಾಡುವ ಭಯ, ಪರೀಕ್ಷೆಯ ಭಯ, ತಮ್ಮನ್ನು ತೂಗಿ ನೋಡುತ್ತಾರೆಂಬ ಭಯ ಇದರೊಳಗಿವೆ ಎಂದರು. ನಿಮ್ಮ ಪತ್ರದಲ್ಲಿ ಎದ್ದು ಕಾಣುವುದು ಕೊನೆಯದು.

ಆದ್ದರಿಂದ ಕೇಳುವವರನ್ನು ಕಡಿಮೆ ಮಾಡಿ. ಮೊದಲ ವಾರ ಅಂದಿನ ಲ್ಯಾಬ್ ಪ್ರಯೋಗವನ್ನು ಒಬ್ಬರೇ 2 ನಿಮಿಷ ಫೋನಿನಲ್ಲಿ ರೆಕಾರ್ಡ್ ಮಾಡಿ. ಬರೆದು ಬಾಯಿಪಾಠ ಮಾಡಬೇಡಿ. ಒಂದು ಪದ ತಪ್ಪಿದರೆ ಮುಂದಿನದೆಲ್ಲ ಕುಸಿಯುತ್ತದೆ. ಆಮೇಲೆ ಒಂದೇ ವಿಷಯವನ್ನು ಮೂವರಿಗೆ ಬೇರೆ ಬೇರೆಯಾಗಿ ಹೇಳಿ: ಮೊದಲಿನವರಿಗೆ 4 ನಿಮಿಷ, ಎರಡನೆಯವರಿಗೆ 3, ಮೂರನೆಯವರಿಗೆ 2. ವಿಷಯ ಹಳೆಯದಾಗಿರುವುದರಿಂದ ಮೂರನೇ ಸಲ ಮಾತು ತಾನೇ ಓಡುತ್ತದೆ. ಕೇಳುವವರು ನಡುವೆ ತಿದ್ದಕೂಡದು. ಮುಗಿದ ಮೇಲೆ, ಅರ್ಥ ಕೆಡಿಸಿದ ಎರಡು ತಪ್ಪು ಮಾತ್ರ ಹೇಳಲಿ. ಅದು ಸಲೀಸಾದ ಮೇಲೆ ನಾಲ್ಕೈದು ಜನರ ಗುಂಪು, ನಂತರ ತರಗತಿ. ಬಹಳಷ್ಟು ಜನ ಎಡವುವುದು ಶುರುವಿನಲ್ಲೇ: ಇಂಗ್ಲಿಷ್ ಚೆನ್ನಾಗಿ ಬಲ್ಲವರನ್ನೇ ಮೊದಲ ಕೇಳುಗರನ್ನಾಗಿ ಆರಿಸುತ್ತಾರೆ. ನಿಮ್ಮಷ್ಟೇ ತಡವರಿಸುವವರು ಸಾಕು.

ಊರಿನ ಗೆಳತಿಯರ ನಗುವಿನ ಹಿಂದೆ, ನೀವು ತಮ್ಮಿಂದ ದೂರವಾಗುತ್ತೀರೆಂಬ ಅಂಜಿಕೆ ಇರಬಹುದು. ಅವರೊಡನೆ ಇಂಗ್ಲಿಷ್ ಹಟ ಬೇಡ, ಮನಸ್ಸು ಬಿಚ್ಚಿ ನಮ್ಮ ಮಾತಿನಲ್ಲೇ ಹರಟಿ. ಅದರಿಂದ ನಿಮ್ಮ ಇಂಗ್ಲಿಷ್ ಕುಂದುವುದಿಲ್ಲ.

ಪ್ರಶ್ನೆ: ಮನೆಯಲ್ಲಿ ಮರಾಠಿ. ಒಂದನೇ ತರಗತಿಯ ಮಗ ಕನ್ನಡ ಶಾಲೆ ಸೇರಿ ಎರಡು ತಿಂಗಳಾದರೂ ಅಲ್ಲಿ ಬಾಯಿಬಿಡುವುದಿಲ್ಲ. ಮನೆಯಲ್ಲಿ ಮರಾಠಿ ನಿಲ್ಲಿಸಿ ಎನ್ನುತ್ತಾರೆ.
— ಓದುಗರು, ಬೀದರ್

ಉತ್ತರ: ದಯವಿಟ್ಟು ನಿಲ್ಲಿಸಬೇಡಿ. ಮನೆಮಾತನ್ನು ಉಳಿಸಿಕೊಂಡು ಎರಡನೆಯದನ್ನು ಕೂಡಿಸಿಕೊಳ್ಳುವುದು ಬೇರೆ, ಮೊದಲನೆಯದನ್ನು ಕಳೆದು ಎರಡನೆಯದನ್ನು ತರುವುದು ಬೇರೆ ಎಂದು ಕೆನಡಾದ ಮನೋವಿಜ್ಞಾನಿ ವಾಲೇಸ್ ಲ್ಯಾಂಬರ್ಟ್ 1970ರ ದಶಕದಲ್ಲೇ ಬಿಡಿಸಿ ಹೇಳಿದ್ದಾರೆ. ಹೊಸ ಭಾಷೆಯಲ್ಲಿ ಕೆಲವು ಮಕ್ಕಳು ತಿಂಗಳುಗಟ್ಟಲೆ ಬರೀ ಕೇಳುತ್ತಾರೆ. ‘ಪುಸ್ತಕ ತೆಗಿ’ ಎಂದರೆ ತೆಗೆಯುತ್ತಾನೆಯೇ ನೋಡಿ. ತೆಗೆದರೆ ಕಲಿಕೆ ನಡೆದಿದೆ. ಮರಾಠಿಯಲ್ಲೂ ಮಾತು ಕಡಿಮೆಯಿದ್ದರೆ ಮಾತ್ರ ಕಿವಿ ಪರೀಕ್ಷೆ ಮಾಡಿಸಿ.

ವಾರಕ್ಕೆ ಎರಡು ಮೂರು ಸಂಜೆ ಕನ್ನಡ ಮಾತಾಡುವ ಒಬ್ಬನೇ ಗೆಳೆಯನ ಜೊತೆ ಗೋಲಿ ಆಡಲಿ. ನೆಂಟರೆದುರು ‘ಮಾಮಾಗ ಕನ್ನಡ ಮಾತಾಡಿ ತೋರ್ಸು’ ಎನ್ನಬೇಡಿ. ‘ನಾನು ನೀರು ಕುಡಿದನು’ ಎಂದಾಗ ‘ಹೌದಾ, ಕುಡಿದೆಯಾ?’ ಎಂದಷ್ಟೇ ತಿದ್ದಿದರೆ ಅವನು ಒಪ್ಪಿದರೆಂದೇ ತಿಳಿಯಬಹುದು. ‘ನಾನು ನೀರು...’ ಎಂದು ನಿಲ್ಲಿಸಿ, ಉಳಿದದ್ದನ್ನು ಅವನೇ ಹೇಳಲಿ.

ಪ್ರಶ್ನೆ: ವ್ಯಾಪಾರಕ್ಕಾಗಿ ತೆಲುಗು ಕಲಿಯಬೇಕು. ವಯಸ್ಸು 46. ತಡವಾಯಿತೇ?
— ಓದುಗರು, ಯಾದಗಿರಿ

ಉತ್ತರ: ಉಚ್ಚಾರದಲ್ಲಿ ಕನ್ನಡದ ಛಾಯೆ ಉಳಿಯಬಹುದು, ಅಷ್ಟೇ. ಮೊದಲ ತಿಂಗಳುಗಳಲ್ಲಿ ದೊಡ್ಡವರು ಮಕ್ಕಳಿಗಿಂತ ಬೇಗ ಕಲಿಯುವುದೂ ಉಂಟು. ತೊಡಕು ಬರುವುದು ಬೇರೆ ಕಡೆಯಿಂದ: ನೀವು ತಡವರಿಸಿದ ಕೂಡಲೇ ಎದುರಿನವರು ಹಿಂದಿಗೆ ಹೊರಳುತ್ತಾರೆ, ನೀವೂ ಹೊರಳುತ್ತೀರಿ. ಖಾಯಂ ಗಿರಾಕಿಯೊಬ್ಬರಿಗೆ ಮೊದಲೇ ಹೇಳಿಡಿ, ಮೊದಲ 10 ನಿಮಿಷ ತೆಲುಗೇ ಇರಲಿ ಎಂದು. ದರ, ತೂಕ, ಬಾಕಿ, ಸಾಗಣೆ ಈ ನಾಲ್ಕರ ಮಾತುಗಳಿಂದ ತೊಡಗಿ.