ಮಣಿಕಟ್ಟು ಹಿಡಿದು ಎಳೆಯುವ ಮೊಮ್ಮಗ

ಓದುಗರ ಪತ್ರ: "ನನ್ನ ಮೊಮ್ಮಗನಿಗೆ ಎರಡು ವರ್ಷ ಏಳು ತಿಂಗಳು. ಮಗಳೂ ಅಳಿಯನೂ ಕೆಲಸಕ್ಕೆ ಹೋಗುವುದರಿಂದ ಹಗಲೆಲ್ಲ ನನ್ನ ಜೊತೆಗೇ ಇರುತ್ತಾನೆ. ಹೆಸರು ಹಿಡಿದು ಕೂಗಿದರೆ ತಿರುಗುವುದಿಲ್ಲ. ಮೊಬೈಲಿನಲ್ಲಿ ಹಾಡು ಬಂದರೆ ಪಕ್ಕದ ಕೋಣೆಯಿಂದ ಓಡಿ ಬರುತ್ತಾನೆ. ಆಟಿಕೆ ಕಾರುಗಳನ್ನು ಸಾಲಾಗಿ ಜೋಡಿಸುತ್ತಾನೆ, ಒಂದನ್ನು ಕದಲಿಸಿದರೂ ಚೀರಾಟ. ಮಾತು ಹತ್ತು ಪದ ದಾಟಿಲ್ಲ. ಮಗಳು ಮೊಬೈಲಿನಲ್ಲಿ ಯಾವುದೋ ಪ್ರಶ್ನಾವಳಿ ತುಂಬಿ, ಆಟಿಸಂ ಎಂದು ಅಳುತ್ತಿದ್ದಾಳೆ. ತಾನು ಕೆಲಸಕ್ಕೆ ಹೋಗಿದ್ದೇ ತಪ್ಪಾಯಿತು ಎನ್ನುತ್ತಾಳೆ. ಅಳಿಯನ ಪ್ರಕಾರ ಇದು ಬರೀ ಹಠ. ನನ್ನ ಮಗನೂ ಮೂರು ತುಂಬಿದ ಮೇಲೆಯೇ ಮಾತನಾಡಿದ್ದು. ಇನ್ನೊಂದು ವರ್ಷ ಕಾಯೋಣವೇ? ಹುಡುಗ ಜಾಣ. ನೀರು ಬೇಕಾದರೆ ನನ್ನ ಮಣಿಕಟ್ಟು ಹಿಡಿದು ನಲ್ಲಿಯವರೆಗೆ ಎಳೆದೊಯ್ದು, ನನ್ನ ಕೈಯನ್ನು ನಲ್ಲಿಯ ಮೇಲಿಟ್ಟು ಸುಮ್ಮನೆ ನಿಲ್ಲುತ್ತಾನೆ. ರಾತ್ರಿ ನನ್ನ ಕೆನ್ನೆಗೆ ಹಣೆ ಒತ್ತಿಕೊಂಡೇ ಮಲಗುವುದು. ಇಂಥ ಮಗುವಿಗೆ ಆಟಿಸಂ ಇರಲು ಸಾಧ್ಯವೇ?" (ಒಬ್ಬ ಅಜ್ಜಿ, ಹೆಸರು ಬೇಡ)

ಸಂಪಾದಕರ ಉತ್ತರ:

ಅಮ್ಮಾ, ನಮಸ್ಕಾರ.

ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ಈ ಪತ್ರಿಕೆಯಲ್ಲಿ 'ಆಟಿಸಂನ ಹತ್ತು ಲಕ್ಷಣಗಳು' ಎಂಬ ಪಟ್ಟಿಯೊಂದನ್ನು ಬಣ್ಣದ ಚೌಕಟ್ಟು ಕಟ್ಟಿಸಿ ನಾನೇ ಹಾಕಿದ್ದೆ. ಪುಟ ಚೆನ್ನಾಗಿ ಕಾಣಿಸಿತು. ಆಮೇಲೆ ತಿಂಗಳುಗಟ್ಟಲೆ ಪತ್ರಗಳು ಬಂದವು: ನಮ್ಮ ಮಗುವಿಗೆ ಹತ್ತರಲ್ಲಿ ನಾಲ್ಕಿವೆ, ಆರಿವೆ, ಏನು ಮಾಡಲಿ? ತುದಿಗಾಲಿನಲ್ಲಿ ನಡೆಯುವುದು, ತಿರುಗುವ ಚಕ್ರವನ್ನೇ ದಿಟ್ಟಿಸುವುದು, ಕೂಗಿದರೆ ತಿರುಗದಿರುವುದು, ಒಂದೇ ಬಟ್ಟೆ ಬೇಕೆನ್ನುವುದು. ಇವುಗಳಲ್ಲಿ ಒಂದೆರಡಾದರೂ ಇಲ್ಲದ ಮಗುವನ್ನು ನಾನು ಇನ್ನೂ ಕಂಡಿಲ್ಲ. ಒಂದು ಸಾಲು ಬಿಟ್ಟರೆ (ಅದಕ್ಕೆ ಕಡೆಯಲ್ಲಿ ಬರುತ್ತೇನೆ) ಪಟ್ಟಿಯಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಯಾವ ಸಾಲಿಗೆ ಎಷ್ಟು ತೂಕ ಎಂಬುದನ್ನು ನಾನು ಬರೆದಿರಲಿಲ್ಲ.

ನಾನು ವೈದ್ಯನಲ್ಲ. ಪತ್ರ ಓದಿ ಹೌದು, ಅಲ್ಲ ಎಂದು ಹೇಳಿಬಿಡುವವರನ್ನು ನಂಬಬೇಡಿ. ಅಂಥವರಲ್ಲಿ ನನ್ನನ್ನೂ ಸೇರಿಸಿಕೊಳ್ಳಿ. ಆದರೆ ಸಾಲುಗಳನ್ನು ತೂಗುವುದು ನನ್ನ ಕಸುಬು. ನಿಮ್ಮ ಪತ್ರದ ಸಾಲುಗಳನ್ನು ತೂಗಿ ನೋಡಿದ್ದೇನೆ, ಈ ವಿಷಯವನ್ನು ಬಲ್ಲ ವೈದ್ಯರೊಂದಿಗೆ ಮಾತನಾಡಿಯೂ ನೋಡಿದ್ದೇನೆ.

ಕಾರುಗಳ ಸಾಲು ನಿಮ್ಮೆಲ್ಲರನ್ನೂ ಹೆದರಿಸಿದೆ. ಅದೊಂದೇ ಆಗಿದ್ದರೆ ನಾನು ಹೆದರುತ್ತಿರಲಿಲ್ಲ. ವಸ್ತುಗಳನ್ನು ಸಾಲಾಗಿ ಇಡುವುದು, ಒಂದರ ಮೇಲೊಂದು ಪೇರಿಸುವುದು ಈ ವಯಸ್ಸಿನ ಆಟವೇ. ನೋಡಬೇಕಾದದ್ದು ಸಾಲು ಮುಗಿದ ಮರುಕ್ಷಣವನ್ನು. ಕಡೆಯ ಕಾರನ್ನಿಟ್ಟು ತಲೆಯೆತ್ತಿ 'ನೋಡಿದೆಯಾ' ಎಂಬಂತೆ ನಿಮ್ಮ ಮುಖ ನೋಡುತ್ತಾನೆಯೇ? ನೀವೊಂದು ಕಾರು ತಂದು ಬಾಲಕ್ಕೆ ಸೇರಿಸಿದರೆ, ಒಂದು ಕ್ಷಣ ಯೋಚಿಸಿಯಾದರೂ, ನಿಮ್ಮನ್ನು ಆಟಕ್ಕೆ ಸೇರಿಸಿಕೊಳ್ಳುತ್ತಾನೆಯೇ? ಎಂದಾದರೂ ಕಾರನ್ನು ಓಡಿಸಿ, ಡಿಕ್ಕಿ ಹೊಡೆಸಿ, ಒಳಗೆ ಯಾರೋ ಕುಳಿತಿದ್ದಾರೆ ಎಂಬಂತೆ ಆಡುತ್ತಾನೆಯೇ? ಅಥವಾ ಆ ಸಾಲು ಪ್ರತಿದಿನವೂ ಅದೇ ಕ್ರಮದಲ್ಲಿ ಬೇಕು, ಅಲ್ಲಿ ನೀವು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ ಎಂಬಂತಿದೆಯೇ?

ನಾನು ಎರಡು ಸಲ ಓದಿದ್ದು ಬೇರೆಯೇ ಸಾಲನ್ನು. ನೀವು ಅವನ ಜಾಣತನಕ್ಕೆ ಸಾಕ್ಷಿಯಾಗಿ, ಅಕ್ಕರೆಯಿಂದ ಬರೆದದ್ದನ್ನು: ಮಣಿಕಟ್ಟು ಹಿಡಿದು ಎಳೆದೊಯ್ಯುತ್ತಾನೆ, ಕೈಯನ್ನು ನಲ್ಲಿಯ ಮೇಲಿಡುತ್ತಾನೆ. ಜಾಣತನ ನಿಜ, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಆಗ ಅವನು ನಿಮ್ಮ ಮುಖ ನೋಡುತ್ತಾನೋ ಇಲ್ಲವೋ ಎಂದು ನೀವು ಬರೆದಿಲ್ಲ.

ಬಹುತೇಕ ಮಕ್ಕಳು ಒಂದು ವರ್ಷದ ಆಸುಪಾಸಿನಲ್ಲಿ ಬೆರಳು ತೋರಿಸಲು ಕಲಿಯುತ್ತಾರೆ. ಅದರಲ್ಲಿ ಎರಡು ಬಗೆ. 'ಅದು ಬೇಕು' ಎಂದು ತೋರಿಸುವುದು ಒಂದು. 'ಅದನ್ನು ನೋಡು' ಎಂದು ತೋರಿಸುವುದು ಇನ್ನೊಂದು. ಆಕಾಶದಲ್ಲಿ ವಿಮಾನ ಹೋಗುತ್ತಿದೆ. ಮಗು ಬೆರಳೆತ್ತುತ್ತದೆ, ನಿಮ್ಮತ್ತ ತಿರುಗುತ್ತದೆ, ನೀವು ನೋಡಿದಿರಿ ಎಂದು ಖಾತ್ರಿ ಮಾಡಿಕೊಂಡು ಮತ್ತೆ ವಿಮಾನವನ್ನು ನೋಡುತ್ತದೆ. ಅದಕ್ಕೆ ವಿಮಾನ ಬೇಕಾಗಿಲ್ಲ, ನೀವೂ ಅದನ್ನು ನೋಡಬೇಕು, ಅಷ್ಟೆ. ಒಂದೂವರೆ ವರ್ಷವಾದರೂ ಈ ಎರಡನೆಯ ಬೆರಳು ಕಾಣಿಸದಿದ್ದರೆ ವೈದ್ಯರು ಕಿವಿ ನೆಟ್ಟಗೆ ಮಾಡುತ್ತಾರೆ. ಬೆರಳಿನ ಬದಲು ದೊಡ್ಡವರ ಕೈಯನ್ನೇ ಒಂದು ಸಲಕರಣೆಯಂತೆ ಬಳಸುವುದು, ಅದೂ ಮುಖ ನೋಡದೆ, ಆಟಿಸಂ ಇರುವ ಮಕ್ಕಳಲ್ಲಿ ಪದೇ ಪದೇ ಕಾಣುವ ನಡವಳಿಕೆ. ನಾಳೆ ಅವನು ಎಳೆದೊಯ್ದಾಗ ನಲ್ಲಿ ತಿರುಗಿಸದೆ ಐದು ಸೆಕೆಂಡು ಸುಮ್ಮನಿರಿ. ಅವನು ಕೈಯನ್ನೇ ಮತ್ತೆ ದಬ್ಬುತ್ತಾನೋ, ನಿಮ್ಮ ಕಣ್ಣು ಹುಡುಕುತ್ತಾನೋ, ಬರೆದಿಟ್ಟುಕೊಳ್ಳಿ.

ಇನ್ನು ಮಾತು. ಎರಡು ವರ್ಷ ತುಂಬುವ ಹೊತ್ತಿಗೆ ಮಕ್ಕಳು ಸಾಮಾನ್ಯವಾಗಿ ಐವತ್ತರಷ್ಟು ಪದಗಳನ್ನು ಆಡುತ್ತಾರೆ, ಎರಡು ಪದ ಕೂಡಿಸಿ ಹೇಳಲು ತೊಡಗುತ್ತಾರೆ. ಹಾಗಾಗಿ ನಿಮ್ಮ ಮೊಮ್ಮಗನ ಮಾತು ತಡವಾಗಿದೆ ಎಂಬುದರಲ್ಲಿ ಅನುಮಾನವಿಲ್ಲ; ಏಕೆ ಎಂಬುದಷ್ಟೇ ಪ್ರಶ್ನೆ. ಬರೀ ಮಾತು ತಡವಾದ ಮಗು ಕೈ, ತಲೆ, ಹುಬ್ಬು, ಮೂಗು ಎಲ್ಲವನ್ನೂ ಬಳಸಿ ಹೇಳಬೇಕಾದ್ದನ್ನು ಹೇಳಿಯೇ ತೀರುತ್ತದೆ. ಬಾಯಿಯೊಂದು ಬಿಟ್ಟು ಮೈಯೆಲ್ಲ ಮಾತನಾಡುತ್ತಿರುತ್ತದೆ. ಆಟಿಸಂನಲ್ಲಿ ಹಿಂದುಳಿಯುವುದು ಪದಗಳಷ್ಟೇ ಅಲ್ಲ, ಈ ಕೊಡುಕೊಳ್ಳುವಿಕೆಯೂ ಹಿಂದುಳಿಯುತ್ತದೆ. ಆ ಹತ್ತು ಪದಗಳು ಯಾವುವು, ಯಾರಿಗೆ ಹೇಳುತ್ತಾನೆ? ಬಣ್ಣ, ಅಂಕಿಗಳ ಹೆಸರು ಹೇಳುವ ಮಗು ಒಮ್ಮೆಯೂ 'ಅಜ್ಜಿ' ಎಂದು ಕರೆಯದಿದ್ದರೆ ಅದೂ ಗಮನಿಸಬೇಕಾದ ವಿಷಯ. ಇದ್ದ ಪದಗಳು ಮಾಯವಾಗಿದ್ದರಂತೂ, ಯಾವ ವಯಸ್ಸಿನಲ್ಲೇ ಆಗಲಿ, ಒಂದು ವಾರವೂ ಕಾಯಬಾರದು.

ಹೆಸರಿಗೆ ತಿರುಗದಿರುವುದನ್ನು ಆಟಿಸಂನ ಲೆಕ್ಕಕ್ಕೆ ಬರೆಯುವ ಮುನ್ನ ಕಿವಿ ಪರೀಕ್ಷೆ ಆಗಲೇಬೇಕು. ಹಾಡಿಗೆ ಓಡಿ ಬರುವವನಿಗೆ ಕಿವಿ ಕೇಳದಿರುವುದುಂಟೇ ಎನ್ನುತ್ತೀರಿ. ಉಂಟು. ಶ್ರವಣದೋಷ ಎಂದರೆ ಪೂರ್ತಿ ಕಿವುಡು ಎಂದಲ್ಲ. ಕೆಲವರಿಗೆ ತಗ್ಗು ಸ್ವರದ ಶಬ್ದ ಸರಿಯಾಗಿ ಕೇಳಿ, 'ಸ', 'ಶ'ದಂಥ ಮೇಲು ಸ್ವರದ ಶಬ್ದಗಳು ಕೇಳುವುದಿಲ್ಲ. ಹಾಡಿನ ಲಯ ಸಿಗುತ್ತದೆ, ಮಾತು ಗೊಣಗಾಟವಾಗುತ್ತದೆ. ಪದೇ ಪದೇ ನೆಗಡಿಯಾಗುವ ಮಕ್ಕಳಲ್ಲಿ ಕಿವಿಯ ತಮಟೆಯ ಹಿಂದೆ ದ್ರವ ನಿಂತು, ಒಂದು ವಾರ ಕೇಳಿಸುತ್ತ ಇನ್ನೊಂದು ವಾರ ಮಂದವಾಗುವುದೂ ಇದೆ. ಹುಟ್ಟಿದಾಗ ಪರೀಕ್ಷೆ ಮಾಡಿ ಸರಿಯಿದೆ ಎಂದಿದ್ದರೂ ಈಗ ಮತ್ತೆ ಮಾಡಿಸಿ. ಒಎಇ, ಬೇರಾ ಎಂಬ ಕಿವಿ ಪರೀಕ್ಷೆಗಳಿಗೆ ಮಗು ಉತ್ತರ ಹೇಳಬೇಕಾಗಿಲ್ಲ, ನಿದ್ದೆಯಲ್ಲಿದ್ದರೂ ಆಗುತ್ತದೆ.

ಅಳಿಯಂದಿರು ಹಠ ಎನ್ನುತ್ತಾರೆ. ಇರಬಹುದು, ಪರೀಕ್ಷಿಸಿ ನೋಡೋಣ. ಹಠಕ್ಕೆ ಪ್ರೇಕ್ಷಕರು ಬೇಕು. ಮಗು ಅಳುತ್ತಲೇ ಓರೆಗಣ್ಣಿನಲ್ಲಿ ನಿಮ್ಮನ್ನು ಅಳೆಯುತ್ತಿರುತ್ತದೆ. ಕೇಳಿದ್ದು ಕೈಗೆ ಬಂದರೆ ಅಳು ನಲ್ಲಿ ನಿಲ್ಲಿಸಿದಂತೆ ನಿಲ್ಲುತ್ತದೆ. ಶಬ್ದ, ಬೆಳಕು, ಬದಲಾವಣೆ ತಡೆಯಲಾಗದೆ ಕುಸಿದ ಮಗು ಹಾಗಲ್ಲ. ಕದಲಿಸಿದ ಕಾರನ್ನು ಮತ್ತೆ ಅಲ್ಲಿಯೇ ಇಟ್ಟರೂ ಚೀರಾಟ ಬಹಳ ಹೊತ್ತು ಮುಂದುವರಿಯುತ್ತದೆ, ನೀವು ಕೋಣೆ ಬಿಟ್ಟು ಹೋದರೂ ನಿಲ್ಲುವುದಿಲ್ಲ. ಅದಕ್ಕೆ ಗದರುವುದು ಎಂದರೆ ಜ್ವರಕ್ಕೆ ಗದರಿದಂತೆ.

ಬೇರೆ ಸಾಧ್ಯತೆಗಳೂ ಇವೆ. ಒಟ್ಟಾರೆ ಬೆಳವಣಿಗೆಯೇ ನಿಧಾನವಾಗಿರಬಹುದು. ಸ್ವಲ್ಪ ದೊಡ್ಡ ಮಕ್ಕಳಲ್ಲಿ ಅತಿಚಟುವಟಿಕೆಯ ಎಡಿಎಚ್‌ಡಿ ಇರಬಹುದು. ಮನೆಯಲ್ಲಿ ಹರಳು ಹುರಿದಂತೆ ಮಾತನಾಡಿ ಶಾಲೆಯಲ್ಲಿ ಬಾಯಿಯೇ ತೆರೆಯದ ಆತಂಕ ಇರಬಹುದು. ಇದ್ದಕ್ಕಿದ್ದಂತೆ ಕೆಲವು ಸೆಕೆಂಡು ಶೂನ್ಯವನ್ನು ದಿಟ್ಟಿಸಿ, ಮುಟ್ಟಿದರೂ ಎಚ್ಚರವಾಗದೆ, ಮತ್ತೆ ಏನೂ ಆಗದವರಂತೆ ಆಟಕ್ಕೆ ಮರಳುವ ಮಗುವಿಗೆ ನರರೋಗ ತಜ್ಞರು ಬೇಕು, ಅದು ಅಪಸ್ಮಾರದ ಒಂದು ಬಗೆ ಇದ್ದೀತು. ಇದೋ ಅದೋ ಎಂದು ಆರಿಸಲೇಬೇಕೆಂದೂ ಇಲ್ಲ. ಅಮೆರಿಕದ ಮನೋವೈದ್ಯರ ಕೈಪಿಡಿ 2013ರವರೆಗೆ ಆಟಿಸಂ ಮತ್ತು ಎಡಿಎಚ್‌ಡಿ ಎರಡನ್ನೂ ಒಂದೇ ಮಗುವಿಗೆ ಬರೆಯಲು ಬಿಡುತ್ತಿರಲಿಲ್ಲ. ಮಕ್ಕಳು ಮಾತ್ರ ಕೈಪಿಡಿ ಓದಿರಲಿಲ್ಲ. ಎರಡೂ ಇದ್ದವರು ಆಗಲೂ ಇದ್ದರು.

ನಿಮ್ಮ ಮಗಳಿಗೆ ಎರಡು ಮಾತು ಓದಿ ಹೇಳಿ. ಮೊಬೈಲಿನಲ್ಲಿ ಸಿಗುವ ಇಂಥ ಪ್ರಶ್ನಾವಳಿಗಳಲ್ಲಿ ಹೆಚ್ಚು ಪ್ರಚಲಿತವಾದದ್ದು ಎಂ-ಚಾಟ್, 20 ಪ್ರಶ್ನೆಗಳದ್ದು. ಆಕೆ ತುಂಬಿದ್ದು ಅದೇ ಆಗಿದ್ದರೆ, ಅದನ್ನು ರೂಪಿಸಿದ್ದು 16ರಿಂದ 30 ತಿಂಗಳ ಮಕ್ಕಳಿಗೆ; ನಿಮ್ಮ ಮೊಮ್ಮಗನಿಗೆ ಈಗಾಗಲೇ 31. ವಯಸ್ಸು ಸರಿಯಿದ್ದರೂ ಅದು ಜರಡಿ ಮಾತ್ರ, ತೀರ್ಪಲ್ಲ. ಅದರಲ್ಲಿ ಸಿಕ್ಕಿಬಿದ್ದ ಎಷ್ಟೋ ಮಕ್ಕಳಿಗೆ ಕಡೆಗೆ ಆಟಿಸಂ ಇರುವುದಿಲ್ಲ.

ಎರಡನೆಯದು, ಕೆಲಸಕ್ಕೆ ಹೋದದ್ದರ ಬಗ್ಗೆ. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು 11 ಮಕ್ಕಳ ಬಗ್ಗೆ ಬರೆದ ಲೇಖನದಿಂದ ಆಟಿಸಂಗೆ ವೈದ್ಯಶಾಸ್ತ್ರದಲ್ಲಿ ಒಂದು ಜಾಗ ಸಿಕ್ಕಿತು. ಅದರ ಬೆನ್ನಿಗೇ, ತಾಯಿಯ ಪ್ರೀತಿ ತಣ್ಣಗಿದ್ದದ್ದರಿಂದ ಮಗು ಹೀಗಾಯಿತು ಎಂಬ ವಾದವೂ ಬೆಳೆದು, ಒಂದು ತಲೆಮಾರಿನ ತಾಯಂದಿರನ್ನು ಕಟಕಟೆಯಲ್ಲಿ ನಿಲ್ಲಿಸಿತು. ಆ ವಾದದ ಬುಡ ಕಡಿದವರಲ್ಲಿ ಮೊದಲಿಗರು ಬರ್ನಾರ್ಡ್ ರಿಮ್ಲ್ಯಾಂಡ್, 1964ರಲ್ಲಿ. ಅವರು ಮನಶ್ಶಾಸ್ತ್ರಜ್ಞರೂ ಹೌದು, ಆಟಿಸಂ ಇದ್ದ ಹುಡುಗನ ತಂದೆಯೂ ಹೌದು. ಆಟಿಸಂ ಮೆದುಳಿನ ಬೆಳವಣಿಗೆಯ ಭಿನ್ನತೆ, ಅದರಲ್ಲಿ ವಂಶವಾಹಿಗಳ ಪಾಲು ದೊಡ್ಡದು. ತಾಯಿ ಕಚೇರಿಗೆ ಹೋದದ್ದಕ್ಕೆ ಅದು ಬರುವುದಿಲ್ಲ. ಲಸಿಕೆಯಿಂದಲೂ ಬರುವುದಿಲ್ಲ, ಹಾಗೆಂದು ಗುಲ್ಲೆಬ್ಬಿಸಿದ 1998ರ ಲೇಖನವನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂದಕ್ಕೆ ಪಡೆಯಿತು. ಮೊಬೈಲನ್ನು ಮಾತ್ರ ಪಕ್ಕಕ್ಕಿಡಿ. ಅದರಿಂದ ಆಟಿಸಂ ಬಂತೆಂದಲ್ಲ, ಅದು ಹಾಡುತ್ತಿರುವಷ್ಟು ಹೊತ್ತು ಅವನೂ ನೀವೂ ಮುಖಾಮುಖಿಯಾಗುವುದಿಲ್ಲವಲ್ಲ, ಅದಕ್ಕೆ. ಆದರೆ ಮೊಬೈಲ್ ಬಿಡಿಸಿ ಮೂರು ತಿಂಗಳು ನೋಡೋಣ ಎಂದು ವೈದ್ಯರ ಭೇಟಿಯನ್ನು ಮುಂದೂಡಬೇಡಿ.

ನಿಮ್ಮ ಮಗ ಮೂರಕ್ಕೆ ಮಾತನಾಡಿದ್ದನ್ನು ನಾನು ಸಮಾಧಾನವಾಗಿ ಓದಲಿಲ್ಲ, ಕ್ಷಮಿಸಿ. ಮಾತು ತಡವಾಗುವುದು ಮನೆತನದಲ್ಲಿ ಹರಿದು ಬರುತ್ತದೆ. ಅದನ್ನು ವೈದ್ಯರಿಗೆ ಹೇಳಿ. ಕಾಯಲು ಅದು ಕಾರಣವಾಗದು. ಕಾದು ಸರಿಹೋದ ಮಕ್ಕಳ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಕಾದು ಎರಡು ವರ್ಷ ಕಳೆದುಕೊಂಡವರು ಅದನ್ನು ಹೇಳಿಕೊಂಡು ತಿರುಗುವುದಿಲ್ಲ.

ಮಕ್ಕಳ ಬೆಳವಣಿಗೆಯ ತಜ್ಞರು, ಮಕ್ಕಳನ್ನು ನೋಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಅಥವಾ ಮನೋವೈದ್ಯರು ಈ ತಪಾಸಣೆ ಮಾಡುತ್ತಾರೆ. ಇದನ್ನು ಹೇಳಿಬಿಡುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಮಗುವಿನೊಂದಿಗೆ ಆಡಿ, ನಿಮ್ಮನ್ನು ಕೂರಿಸಿಕೊಂಡು ಕೇಳಿ ತೀರ್ಮಾನಿಸುತ್ತಾರೆ. ಐದು ನಿಮಿಷದಲ್ಲಿ ಹಣೆಪಟ್ಟಿ ಹಚ್ಚಿದರೆ, ಅಥವಾ ಐದು ನಿಮಿಷದಲ್ಲಿ ಏನೂ ಇಲ್ಲವೆಂದು ಕಳುಹಿಸಿದರೆ, ಇನ್ನೊಬ್ಬರನ್ನು ಕಾಣಿರಿ. ಪೂರ್ತಿ ಗುಣಪಡಿಸುತ್ತೇವೆ ಎನ್ನುವವರ ಬಾಗಿಲಿಗೆ ಹೋಗಲೇಬೇಡಿ, ಅದು ಆಕರಕೋಶದ (ಸ್ಟೆಮ್ ಸೆಲ್) ಚಿಕಿತ್ಸೆಯೇ ಇರಲಿ, ಮೈಯಿಂದ ಲೋಹ ತೆಗೆಯುವ ಔಷಧವೇ ಇರಲಿ. ತಪಾಸಣೆಯ ಸರದಿ ತಡವಾದರೂ ವಾಕ್ ಚಿಕಿತ್ಸೆ ಶುರುವಾಗಬಹುದು, ಅದಕ್ಕೆ ಯಾವ ಹೆಸರಿನ ಅಪ್ಪಣೆಯೂ ಬೇಕಿಲ್ಲ.

ತಪಾಸಣೆಗೆ ನೀವೂ ಹೋಗಿ. ಹಗಲೆಲ್ಲ ನೋಡುವವರು ನೀವು, ಮನೆಯಲ್ಲಿ ನಿಮ್ಮಷ್ಟು ಬಲ್ಲವರಿಲ್ಲ. ಚೀರಾಟವನ್ನಷ್ಟೇ ವಿಡಿಯೊ ಮಾಡಿಕೊಂಡು ಹೋಗಬೇಡಿ. ಅವನು ಆಡುವ, ನಗುವ, ಕೂಗಿದರೂ ತಿರುಗದ, ನಲ್ಲಿಯ ಬಳಿ ಕಾಯುವ ಒಂದೊಂದು ನಿಮಿಷವೂ ಇರಲಿ.

ಕಡೆಯ ಪ್ರಶ್ನೆ, ಕೆನ್ನೆಗೆ ಹಣೆ ಒತ್ತಿಕೊಳ್ಳುವ ಮಗುವಿಗೆ ಆಟಿಸಂ ಇರಲು ಸಾಧ್ಯವೇ ಎಂಬುದು. ಸಾಧ್ಯ. ಆಟಿಸಂ ಇರುವ ಮಕ್ಕಳು ಯಾರನ್ನೂ ಹಚ್ಚಿಕೊಳ್ಳುವುದಿಲ್ಲ ಎಂಬುದು ಸುಳ್ಳು; ನನ್ನ ಆ ಹಳೆಯ ಚೌಕಟ್ಟಿನಲ್ಲಿ ಹೆಚ್ಚುಕಡಿಮೆ ಅದೇ ಅರ್ಥದ ಸಾಲೊಂದಿತ್ತು, ಇಲ್ಲಿ ಅದನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ತಪಾಸಣೆಯಲ್ಲಿ ಏನೇ ಬರಲಿ, ಅವತ್ತು ರಾತ್ರಿಯೂ ಅವನು ಹಾಗೆಯೇ ಮಲಗುತ್ತಾನೆ.

ಕಿವಿ ಪರೀಕ್ಷೆಗೆ ದಿನ ಗೊತ್ತಾದರೆ ಒಂದು ಸಾಲು ಬರೆಯಿರಿ. ನಲ್ಲಿಯ ಬಳಿ ಆ ಐದು ಸೆಕೆಂಡಿನಲ್ಲಿ ಏನಾಯಿತೆಂಬುದನ್ನೂ.