ಗೂಢಚಾರ ಚಿತ್ರಗಳ ಅಣಕು ಕಿರುಚಿತ್ರಕ್ಕೆ ‘ಆಸ್ಟಿನ್ ಪವರ್ಸ್’ ಮಾದರಿಯೇ, ಸಿ.ಐ.ಡಿ. 999 ಮಾದರಿಯೇ?

ಗೆಳೆಯರೆಲ್ಲ ಸೇರಿ 1 ಲಕ್ಷ ರೂಪಾಯಿಯೊಳಗೆ ಗೂಢಚಾರ ಚಿತ್ರಗಳನ್ನು ಅಣಕಿಸುವ 20 ನಿಮಿಷದ ಚಿತ್ರ ಮಾಡುತ್ತೇವೆ, ಅದಕ್ಕೆ ಅಮೆರಿಕದ ಅಣಕು ಚಿತ್ರ ‘ಆಸ್ಟಿನ್ ಪವರ್ಸ್’ ಮಾದರಿಯೋ ನಮ್ಮ ಸಿ.ಐ.ಡಿ. 999 ಮಾದರಿಯೋ ಎಂದು ನೀವು ಕೇಳಿ ಬರೆದಿರುವುದನ್ನು ಓದಿದಾಗ 2011ರ ಮೈಸೂರಿನ ನನ್ನ ಬಾಡಿಗೆ ಕೋಣೆ ಕಣ್ಣ ಮುಂದೆ ಬಂತು. ನಾವು ಆರು ಮಂದಿ ಹವ್ಯಾಸಿ ನಾಟಕದವರು 80 ಸಾವಿರ ರೂಪಾಯಿ ಒಟ್ಟುಮಾಡಿ ಇಂಥದ್ದೇ ಚಿತ್ರವೊಂದನ್ನು ತೆಗೆದಿದ್ದೆವು. ನಮ್ಮ ನಾಯಕ ಸಿ.ಐ.ಡಿ. 998. ಒಂದೇ ಒಂದು ಅಂಕದಿಂದ ದೊಡ್ಡ ಸಂಖ್ಯೆ ಕೈತಪ್ಪಿದವನು, ಅದನ್ನು ಕಂಡಕಂಡವರ ಮುಂದೆ ಹೇಳಿಕೊಂಡು ಕೊರಗುವವನು. ದೊರೈ–ಭಗವಾನ್ ನಿರ್ದೇಶನದಲ್ಲಿ 1968ರಲ್ಲಿ ಬಂದ ‘ಜೇಡರ ಬಲೆ’ಯಿಂದ 1978ರ ‘ಆಪರೇಷನ್ ಡೈಮಂಡ್ ರಾಕೆಟ್’ವರೆಗೆ ರಾಜ್‌ಕುಮಾರ್ ಅವರನ್ನು ಸಿ.ಐ.ಡಿ. 999 ಆಗಿ ಕಂಡ ನಮ್ಮ ಅಪ್ಪ, ಚಿಕ್ಕಪ್ಪಂದಿರಿಗೆ ಆ ಸಂಖ್ಯೆ ಕಿವಿಗೆ ಬಿದ್ದೊಡನೆ ನಗು ಬರುತ್ತದೆಂದು ಲೆಕ್ಕ ಹಾಕಿದ್ದೆವು. ಆ ಲೆಕ್ಕ ತಪ್ಪಲಿಲ್ಲ. ತಪ್ಪಿದ್ದು ಟಿಫಿನ್ ಕ್ಯಾರಿಯರ್‌ನ ವಿಷಯದಲ್ಲಿ.

ಕಥೆ ಸರಳವಾಗಿತ್ತು. ನಾಲೆಯ ತೂಬನ್ನು ಸಿಡಿಸಲು ಹೊರಟ ಖಳನಾಯಕನು ಬಾಂಬನ್ನು ನಾಲ್ಕು ಡಬ್ಬಿಯ ಸ್ಟೀಲ್ ಕ್ಯಾರಿಯರ್‌ನಲ್ಲಿಟ್ಟು ಕಳುಹಿಸುತ್ತಾನೆ. ಬಸ್ಸಿನಲ್ಲಿ ಅದು ಇನ್ನೊಬ್ಬರ ಕ್ಯಾರಿಯರ್‌ನೊಂದಿಗೆ ಅದಲುಬದಲಾಗುತ್ತದೆ. ಸಂಜೆ ನಾಲ್ಕರೊಳಗೆ 998 ಅದನ್ನು ಹುಡುಕಬೇಕು. ಚಿತ್ರೀಕರಣದ ಹಿಂದಿನ ರಾತ್ರಿ, ಖಳನ ಪಾತ್ರಧಾರಿಯು, ಮೂರನೆಯ ನಿಮಿಷದಲ್ಲಿ ಮುಚ್ಚಳ ತೆಗೆದಾಗ ಒಳಗೆ ಬಾಂಬಿನ ಬದಲು ಉಪ್ಪಿಟ್ಟು ಕಂಡರೆ ಹೇಗೆ ಎಂದು ಕೇಳಿದನು. ಕೋಣೆಯಲ್ಲಿದ್ದವರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಮರುದಿನ ಅದನ್ನು ಚಿತ್ರೀಕರಿಸುವಾಗ ಕ್ಯಾಮೆರಾ ಹಿಡಿದವನ ಕೈ ನಗುವಿನಿಂದ ಅಲುಗಾಡಿ ಮೂರು ಸಲ ಮತ್ತೆ ತೆಗೆಯಬೇಕಾಯಿತು. ನಿರ್ದೇಶಕನಾಗಿದ್ದ ನಾನು ಆ ನಗುವನ್ನೇ ಪ್ರಮಾಣಪತ್ರವೆಂದು ನಂಬಿದೆ.

ಪ್ರದರ್ಶನದ ದಿನ ಉಪ್ಪಿಟ್ಟಿನ ದೃಶ್ಯಕ್ಕೆ ಸಭಾಂಗಣವೂ ನಕ್ಕಿತು. ಅನಂತರ ಹದಿನೇಳು ನಿಮಿಷ ಯಾರೂ ನಗಲಿಲ್ಲ. ನಾಯಕನು ಸೈಕಲ್ಲಿನಲ್ಲಿ ಬಸ್ಸನ್ನು ಅಟ್ಟಿಸಿಕೊಂಡು ಹೋದರೂ, ಮದುವೆ ಮನೆಗೆ ನುಗ್ಗಿ ಅಡುಗೆ ಭಟ್ಟರ ವೇಷ ಹಾಕಿದರೂ ಸಭೆಯಲ್ಲಿ ಕೆಮ್ಮಿನ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಕೊನೆಗೆ ಪ್ರೊಜೆಕ್ಟರ್ ಬಿಚ್ಚಿಡುತ್ತಿದ್ದ ಹಿರಿಯರೊಬ್ಬರು, “ಒಳಗೆ ಉಪ್ಪಿಟ್ಟಿದೆ ಅಂತ ಮೊದಲೇ ತೋರಿಸ್ಬಿಟ್ರಲ್ಲ ಸ್ವಾಮಿ, ಇನ್ನು ಅದರ ಹಿಂದೆ ಓಡಿದ್ರೆಷ್ಟು, ಬಿಟ್ರೆಷ್ಟು?” ಎಂದರು. ಅಲ್ಲಿಯೇ ಕುಸಿದು ಕುಳಿತೆ.

ಈ ತಪ್ಪನ್ನು ನಾನು ಇಷ್ಟು ವರ್ಷ ಮೆಲುಕು ಹಾಕಿರುವುದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಸಹಿಸಿಕೊಳ್ಳಿ. ನಾಲೆ ಒಡೆಯುತ್ತದೆ ಎಂಬ ಭಯ ಪ್ರೇಕ್ಷಕರ ಎದೆಯಲ್ಲಿ ಚೂರಾದರೂ ಇದ್ದಿದ್ದರೆ, ಸೈಕಲ್ಲಿನ ಚೈನು ಕಳಚಿದ್ದಕ್ಕೂ ಅವರು ನಕ್ಕಿರುತ್ತಿದ್ದರು. ಅವಸರ ನಿಜವಾಗಿದ್ದಾಗ ಮಾತ್ರ ಅಡ್ಡಿ ನಗು ತರಿಸುತ್ತದೆ. ನಾವು ಆ ಭಯವನ್ನು ಒಂದು ನಗುವಿಗಾಗಿ ಮಾರಿಕೊಂಡೆವು. ಉಪ್ಪಿಟ್ಟನ್ನು ಬಿಡಲೇಬೇಕಾಗಿಯೂ ಇರಲಿಲ್ಲ. ಮೇಲಿನ ಡಬ್ಬಿಯಲ್ಲಿ ಉಪ್ಪಿಟ್ಟು, ಕೆಳಗಿನ ಡಬ್ಬಿಯಲ್ಲಿ ಬಾಂಬು ಇಟ್ಟು, ಕ್ಯಾರಿಯರ್ ಸಿಕ್ಕಿದ ಬಡಪಾಯಿಯೊಬ್ಬನು ಒಂದೊಂದೇ ಡಬ್ಬಿ ಬಿಚ್ಚಿ ಊಟಮಾಡುತ್ತ ಕೆಳಗಿಳಿಯುವಂತೆ ಮಾಡಿದ್ದರೆ, ಅದೇ ಉಪ್ಪಿಟ್ಟು ನಮ್ಮ ಚಿತ್ರವನ್ನು ಕೊನೆಯವರೆಗೂ ಹೊತ್ತು ಸಾಗುತ್ತಿತ್ತು. ಇದು ಹೊಳೆಯಲು ನನಗೆ ಎರಡು ವರ್ಷ ಬೇಕಾಯಿತು.

ಅಂಥ ಭಯವನ್ನು ಮಾರಿಕೊಳ್ಳದೆ ನಗಿಸಿದವರೂ ಇದ್ದಾರೆ. ಅಮೆರಿಕದ ನಿರ್ದೇಶಕರಾದ ಜಿಮ್ ಅಬ್ರಹಾಮ್ಸ್ ಮತ್ತು ಝುಕರ್ ಸಹೋದರರು 1980ರ ‘ಏರ್‌ಪ್ಲೇನ್!’ ಎಂಬ ಅಣಕು ಚಿತ್ರ ಮಾಡುವಾಗ 1957ರ ‘ಝೀರೋ ಅವರ್!’ ಎಂಬ ಗಂಭೀರ ಚಿತ್ರದ ಹಕ್ಕನ್ನೇ ಕೊಂಡು, ಅದರ ಕಥೆಯ ಜೊತೆಗೆ ಹಲವು ಮಾತುಗಳನ್ನೂ ಹಾಗೆಯೇ ಎತ್ತಿಕೊಂಡರು. ಮೀನು ತಿಂದು ಪೈಲಟ್‌ಗಳು ಕಾಯಿಲೆ ಬೀಳುವ ಅಪಾಯ ಎರಡರಲ್ಲಿಯೂ ಅಪಾಯವೇ. ಅಲ್ಲಿಯವರೆಗೆ ಗಂಭೀರ ಪಾತ್ರಗಳಿಗೆ ಹೆಸರಾಗಿದ್ದ ಲೆಸ್ಲಿ ನೀಲ್ಸನ್ ಅದರಲ್ಲಿ ಒಂದಿಷ್ಟೂ ಮುಖ ಸಡಿಲಿಸದೆ ನಟಿಸಿದರು. ಅದೇ ಮೂವರು 1984ರಲ್ಲಿ ಗೂಢಚಾರ ಚಿತ್ರಗಳನ್ನು ಗೇಲಿ ಮಾಡಿ ‘ಟಾಪ್ ಸೀಕ್ರೆಟ್!’ ತೆಗೆದರು. ಅದರಲ್ಲಿ ಪುಸ್ತಕದ ಅಂಗಡಿಯ ದೃಶ್ಯವನ್ನು ತಿರುವುಮುರುವಾಗಿ ನಟಿಸಿ, ಹಿಂದುಮುಂದಾಗಿ ಓಡಿಸಿದ್ದಾರೆ. ಆ ಜಾಣತನಕ್ಕೆ ನಾನು ಇಂದಿಗೂ ಬೆರಗಾಗುತ್ತೇನೆ. ಆದರೆ ರಾಕ್ ಗಾಯಕನ ಚಿತ್ರವನ್ನೂ ಯುದ್ಧಕಾಲದ ಪ್ರತಿರೋಧದ ಚಿತ್ರವನ್ನೂ ಒಂದೇ ಒರಳಿನಲ್ಲಿ ಕುಟ್ಟಿದ ಆ ಕಥೆಯಲ್ಲಿ ಯಾರು ಬದುಕಿದರೆ ನನಗೇನು ಎಂಬ ಭಾವ ಬರುತ್ತದೆ. ಅದನ್ನು ನೋಡುವಾಗಲೆಲ್ಲ ನನಗೆ ನಮ್ಮ ಉಪ್ಪಿಟ್ಟೇ ನೆನಪಾಗುತ್ತದೆ.

ಆದ್ದರಿಂದ ನೀವು ಕೇಳಿದ ಆಯ್ಕೆಯನ್ನೇ ನಾನು ಒಪ್ಪುವುದಿಲ್ಲ. ‘ಆಸ್ಟಿನ್ ಪವರ್ಸ್’ ಎಂದರೆ ನಾಯಕನ ಬಣ್ಣಬಣ್ಣದ ಅಂಗಿ, ಕೆಟ್ಟ ಹಲ್ಲು ಎಂದು ನೀವು ಭಾವಿಸಿರುವಂತೆ ಕಾಣುತ್ತದೆ. 1967ರಲ್ಲಿ ಹೆಪ್ಪುಗಟ್ಟಿ 1997ರಲ್ಲಿ ಎಚ್ಚರಗೊಂಡ ಅದರ ಖಳನಾಯಕ ಡಾಕ್ಟರ್ ಈವಿಲ್ ಜಗತ್ತನ್ನೇ ಒತ್ತೆಯಿಟ್ಟು 10 ಲಕ್ಷ ಡಾಲರ್ ಕೇಳುವ ದೃಶ್ಯವನ್ನು ಇನ್ನೊಮ್ಮೆ ನೋಡಿ. ಅವನ ಕಂಪನಿಯೇ ವರ್ಷಕ್ಕೆ 900 ಕೋಟಿ ಡಾಲರ್ ದುಡಿಯುತ್ತಿದೆ ಎಂದು ಸಹಾಯಕನು ಹೇಳಬೇಕಾಗುತ್ತದೆ. ನಗು ಇರುವುದು, ಆ ಮೊತ್ತವನ್ನು ಅವನು ಪ್ರಾಮಾಣಿಕವಾಗಿ ದೊಡ್ಡದೆಂದು ನಂಬಿರುವುದರಲ್ಲಿ. ಅಣಕು ಅಮೆರಿಕದ್ದೋ ಗಾಂಧಿನಗರದ್ದೋ ಎಂಬುದು ಆಮೇಲಿನ ಮಾತು.

ಪಾತ್ರಕ್ಕೆ ಕಾಮಿಡಿ ಮಾಡುವವರನ್ನು ಹುಡುಕಬೇಡಿ. ನಮ್ಮ ಚಿತ್ರದ ಆ ಹದಿನೇಳು ನಿಮಿಷ ಮುಗಿದ ಮೇಲೆ, ಕೊಟ್ಟಕೊನೆಯಲ್ಲಿ ಒಂದು ಸಣ್ಣ ನಗು ಎದ್ದಿತ್ತು. ಅದನ್ನು ತರಿಸಿದ್ದು ನಾವು ಚಿತ್ರೀಕರಿಸಿದ ಅಕ್ಕಿ ಗಿರಣಿಯ ನಿಜವಾದ ಕಾವಲುಗಾರರು. ಖಳನ ಅಡ್ಡೆಯ ಬಾಗಿಲನ್ನು ಕನ್ನಡಕದ ಕಿರಣದಿಂದ ಕರಗಿಸಲು ಹೆಣಗುತ್ತಿರುವ 998ನ ಪಕ್ಕದಲ್ಲಿ ನಿಂತು, ಅವರು ಕಳಕಳಿಯಿಂದ “ಬೀಗದ ಕೈ ಯಜಮಾನ್ರ ಹತ್ರ ಇದೆ, ಕರೀಲಾ ಸಾರ್?” ಎನ್ನುತ್ತಾರೆ. ಅವರಿಗೆ ನಾವು ಹಾಸ್ಯದ ಚಿತ್ರವೆಂದು ಹೇಳುವುದನ್ನೇ ಮರೆತಿದ್ದೆವು.

ಮೊದಲು ಒಂದೂ ನಗೆಮಾತಿಲ್ಲದ ಗೂಢಚಾರ ಕಥೆಯನ್ನು ಐದು ಪುಟ ಬರೆದು, ನಿಮ್ಮ ತಂಡಕ್ಕೆ ಸೇರದವರಿಗೆ ಓದಿಸಿ. ನಾಲ್ಕನೆಯ ಪುಟದ ಹೊತ್ತಿಗೆ ಅವರು “ಆಮೇಲೇನಾಯಿತು?” ಎಂದು ಕೇಳಿದರೆ ಹಾಸ್ಯ ಬರೆಯಲು ಕುಳಿತುಕೊಳ್ಳಿ. ಕಪ್ಪು ಕೋಟು ಹೊಲಿಸುವುದು ಅದಕ್ಕಿಂತಲೂ ಆಮೇಲೆ. ನಮ್ಮ ಕೋಟು ಹೊಲಿಸುವುದಕ್ಕೇ 4 ಸಾವಿರ ರೂಪಾಯಿ ಹೋಗಿತ್ತು.