ನಾವು ಎಲೆಕ್ಟ್ರಾನ್‌ನಲ್ಲಿ (ವೆಬ್ ಕೋಡ್‌ನಿಂದಲೇ ಡೆಸ್ಕ್‌ಟಾಪ್ ಆ್ಯಪ್ ಮಾಡುವ ಸಾಧನ) ಕಟ್ಟುತ್ತಿರುವ ಇಮೇಲ್ ಆ್ಯಪ್‌ನಲ್ಲಿ ಕಂಟ್ರೋಲ್+ಎಫ್ ಸರ್ಚ್‌ಗೆ ಇಡಬೇಕೋ ಫಿಲ್ಟರ್‌ಗೋ?

ಎರಡಕ್ಕೂ ಬೇಡ. ನಾನೂ ಇದೇ ಪ್ರಶ್ನೆ ಹಿಡಿದು ತಲೆ ಕೆಡಿಸಿಕೊಂಡವನೇ. ಕಂಟ್ರೋಲ್+ಎಫ್ ತೆರೆದಿರುವ ಮೇಲ್‌ನೊಳಗೆ ಪದ ಹುಡುಕಲು ಇರಲಿ. ಥಂಡರ್‌ಬರ್ಡ್ ಅನ್ನೋ ಇಮೇಲ್ ಪ್ರೋಗ್ರಾಂನಲ್ಲಿ ಕಂಟ್ರೋಲ್+ಕೆ ಒತ್ತಿದರೆ ಎಲ್ಲ ಮೇಲ್‌ಗಳಲ್ಲೂ ಹುಡುಕಬಹುದು, ಶಿಫ್ಟ್ ಸೇರಿಸಿದರೆ ಎದುರಿರುವ ಪಟ್ಟಿಗೆ ಫಿಲ್ಟರ್. ಸುಮ್ನೆ ಅದನ್ನೇ ಎತ್ತಿಕೊಳ್ಳಿ. (ಔಟ್‌ಲುಕ್‌ನಲ್ಲಿ ಕಂಟ್ರೋಲ್+ಎಫ್ ಅಂದರೆ ಫಾರ್ವರ್ಡ್. ಬಿಡುಗಡೆಗೆ ಮುಂಚಿನ ಪರೀಕ್ಷೆಯ ಸಮಯದಲ್ಲಿ ಬಿಲ್ ಗೇಟ್ಸ್ ಹಾಗೆ ಕೇಳಿದ್ದರು ಅಂತ ಮೈಕ್ರೋಸಾಫ್ಟ್‌ನ ರೇಮಂಡ್ ಚೆನ್ ಬರೆದಿದ್ದಾರೆ!)

ಯಾವ ಕೀ ಅನ್ನೋದಕ್ಕಿಂತ ಫೋಕಸ್ (ಅಂದರೆ ಒತ್ತಿದ ಅಕ್ಷರ ಪರದೆಯ ಯಾವ ಭಾಗಕ್ಕೆ ಹೋಗುತ್ತದೆ ಅನ್ನೋದು) ಯಾವಾಗ ಎಲ್ಲಿದೆ ಅನ್ನೋದೇ ಜಾಸ್ತಿ ಮುಖ್ಯ. ನಾವು ಮಾಡಿದ್ದ ಇಮೇಲ್ ಪ್ರೋಗ್ರಾಂನಲ್ಲಿ ಜಿಮೇಲ್ ಥರ ಸ್ಲ್ಯಾಶ್ ಒತ್ತಿದರೆ ಸರ್ಚ್ ಬಾಕ್ಸ್ ಬರುತ್ತಿತ್ತು. ಪಟ್ಟಿಯಲ್ಲಿ ಎಸ್ ಒತ್ತಿದರೆ ಸ್ಟಾರ್, ಎ ಒತ್ತಿದರೆ ಆರ್ಕೈವ್, ಅಂದರೆ ಮೇಲ್ ಇನ್‌ಬಾಕ್ಸ್‌ನಿಂದ ಆಚೆ. ಬಾಕ್ಸ್ ಚಂದವಾಗಿ ಜಾರಿ ಬರಲಿ ಅಂತ ನಾನೊಂದು ಅನಿಮೇಷನ್ ಹಾಕಿದೆ. ಅದು ಮುಗಿದ ಮೇಲೆ ಬಾಕ್ಸ್‌ಗೆ ಫೋಕಸ್. ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೇ. ನನ್ನ ಟೈಪಿಂಗ್ ನಿಧಾನ, ಹಾಗಾಗಿ ಟೆಸ್ಟ್ ಮಾಡುವಾಗ ಏನೂ ಗೊತ್ತಾಗಲಿಲ್ಲ.

ಒಬ್ಬ ಗ್ರಾಹಕರ ಅಕೌಂಟೆಂಟ್ ಇದ್ದರು, ಬೆರಳು ಭಾರಿ ಚುರುಕು. ಸ್ಲ್ಯಾಶ್ ಒತ್ತಿ, ಇಂಗ್ಲಿಷ್ ಅಕ್ಷರದಲ್ಲಿ ಸ್ಯಾಲರಿ ಅಂತ ಹೊಡೆದರು. ಬಾಕ್ಸ್ ಇನ್ನೂ ಜಾರುತ್ತಲೇ ಇದೆ. ಎಸ್ ಹೋಗಿ ಪಟ್ಟಿಯಲ್ಲಿದ್ದ ಮೇಲ್‌ಗೆ ಸ್ಟಾರ್ ಹಾಕಿತು. ಎ ಅದನ್ನೇ ಆರ್ಕೈವ್ ಮಾಡಿತು. ಬಾಕ್ಸ್‌ಗೆ ಸಿಕ್ಕಿದ್ದು ಬಾಲ ಮಾತ್ರ, ಏನೂ ಸಿಗಲಿಲ್ಲ. ಎಸ್ಕೇಪ್ ಒತ್ತಿ ಮತ್ತೆ ಹೊಡೆದರು. ಇನ್ನೊಂದು ಮೇಲ್ ಹೋಯಿತು. ಹೀಗೆ ಬಿಲ್‌ಗಳು ಇನ್‌ಬಾಕ್ಸ್‌ನಿಂದ ಕಾಣೆಯಾಗುತ್ತಿದ್ದವು, ನಾನು ಸರ್ವರ್ ಲಾಗ್ ಕೆದಕುತ್ತಾ ಕೂತಿದ್ದೆ. ಕಾರಣ ಸಿಗುವ ಹೊತ್ತಿಗೆ ಆ ಗ್ರಾಹಕರು ಬೇರೆ ಕಡೆ ಹೋಗಿಯಾಗಿತ್ತು.

ಅದಕ್ಕೇ, ಸ್ಲ್ಯಾಶ್ ಬಿದ್ದ ಕ್ಷಣವೇ ಫೋಕಸ್ ಕೊಡಿ. ಅನಿಮೇಷನ್ ಬೇಕೇ ಬೇಕಾದರೆ ಆಮೇಲೆ ನಡೆಯಲಿ. ಒಂಟಿ ಅಕ್ಷರದಿಂದ ಮೇಲ್ ಜಾಗ ಬದಲಾದರೆ ಅನ್‌ಡು ಕಣ್ಣಿಗೆ ಬೀಳಲೇಬೇಕು. ಎಸ್ಕೇಪ್ ಮೊದಲ ಸಲ ಅಕ್ಷರ ಅಳಿಸಲಿ, ಎರಡನೇ ಸಲ ಬಾಕ್ಸ್ ಮುಚ್ಚಲಿ.

ನಿಮ್ಮದು ಎಲೆಕ್ಟ್ರಾನ್ ಆ್ಯಪ್ ಅಂದಿದ್ದೀರಿ, ಕನ್ನಡದವರೂ ಬಳಸುತ್ತಾರೆ ಅಲ್ವಾ? ಇನ್‌ಸ್ಕ್ರಿಪ್ಟ್ ಅನ್ನೋ ಕನ್ನಡ ಕೀಬೋರ್ಡ್ ವಿನ್ಯಾಸ ಆನ್ ಇದ್ದರೆ ಸ್ಲ್ಯಾಶ್ ಗುಂಡಿಯಲ್ಲಿ ‘ಯ’ ಬರುತ್ತದೆ. ಗುಂಡಿ ಒತ್ತಿದಾಗ ಆ್ಯಪ್‌ಗೆ ಬರುವ ಈವೆಂಟ್‌ನಲ್ಲಿ ‘ಕೀ’ (ಮೂಡಿದ ಅಕ್ಷರ) ಮಾತ್ರ ನೋಡಿದರೆ ಶಾರ್ಟ್‌ಕಟ್ ಕೆಲಸವೇ ಮಾಡುವುದಿಲ್ಲ. ಹಾಗಂತ ಗುಂಡಿಯ ಜಾಗ ಹೇಳುವ ಕೋಡ್ ಒಂದನ್ನೇ ನಂಬಬೇಡಿ, ಜರ್ಮನ್ ಕೀಬೋರ್ಡ್‌ನಲ್ಲಿ ಸ್ಲ್ಯಾಶ್ ಇರುವುದು ಶಿಫ್ಟ್+7ರಲ್ಲಿ. ಬಂದ ಅಕ್ಷರ ಕನ್ನಡದ್ದಾದರೆ ಮಾತ್ರ ಕೋಡ್ ನೋಡಿ.